ಪಾರಣೆಯ ಹೊತ್ತು

ಸರಿಯಾಗಿ ಒಣಗದ ಹತ್ತಿ ಅರಿವೆಗೆ ಒಂದು ವಾಸನೆ ಇರುತ್ತದೆ. ಮಳೆಗಾಲದಲ್ಲಷ್ಟೇ ಬರುವಂಥದು, ಅರ್ಧ ಮುಗ್ಗಲು, ಅರ್ಧ ಬಾವಿಯ ನೀರು. ಅಥಣಿಯ ನಮ್ಮ ಮನೆಯ ನಲ್ಲಿಗೆ ನಾನು ಈಗಲೂ ಒಂದು ತುಂಡು ಬಿಳಿ ಅರಿವೆ ಕಟ್ಟುತ್ತೇನೆ. ನೀರು ಶುದ್ಧ ಮಾಡುವ ಯಂತ್ರ ಅಡುಗೆಮನೆಯ ಗೋಡೆಗೆ ನೇತುಬಿದ್ದಿದೆ. ಸೊಸೆ ನಗುತ್ತಾಳೆ. "ಅಮ್ಮೀ, ಮಶೀನ್ ಐತಲ್ಲ, ಇನ್ನ ಈ ಅರಿವಿ ಯಾಕ?" ಅನ್ನುತ್ತಾಳೆ. ನಾನು ಕಿವಿ ಕೇಳದವಳ ಹಾಗೆ ಇದ್ದುಬಿಡುತ್ತೇನೆ. ಈ ವಯಸ್ಸಿಗೆ ಅದೊಂದು ಅನುಕೂಲ. ಮೊನ್ನೆ ಜಡಿಮಳೆ ಹಿಡಿದು ದಿನಗಟ್ಟಲೆ ಬಿಸಿಲು ಬೀಳಲಿಲ್ಲ. ಅರಿವೆ ಬಿಚ್ಚಿ ಹಿಂಡುವಾಗ ಆ ವಾಸನೆ ಮೂಗಿಗೆ ಬಂತು, ಹಿಂಡುತ್ತಿದ್ದ ಕೈ ನಿಂತಿತು. ಐನಾಪುರದಲ್ಲಿ ತ್ರಿಶಲಾ ಮಾತು ಬಿಟ್ಟ ಮಳೆಗಾಲ ನೆನಪಾಯಿತು.

ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ಆ ವರ್ಷ ರಂಜಾನ್ ತಿಂಗಳು ಮಳೆಗಾಲದಲ್ಲಿ ಬಂದಿತ್ತು, ಜೈನರ ಚಾತುರ್ಮಾಸವೂ ಅದರ ನಡುವೆಯೇ ಆರಂಭವಾಯಿತು. ನಾವಿಬ್ಬರೂ ಐನಾಪುರದ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಅವಳು ಮೂರನೇ ಇಯತ್ತೆಗೆ ಕಲಿಸುತ್ತಿದ್ದಳು, ನಾನು ಎರಡನೆಯದಕ್ಕೆ. ನಡುವೆ ಒಂದು ಹಲಗೆಯ ಬಾಗಿಲು ಇತ್ತು. ನನ್ನ ಹೆಸರು ಜೈನಾಬಿ. ನಾನು ಶಾಲೆಗೆ ಹಾಜರಾದ ಮೊದಲ ದಿನ ಹಾಜರಿಯ ಮಸ್ಟರಿನಲ್ಲಿ ಹೆಸರು ನೋಡಿ ತ್ರಿಶಲಾ ನಕ್ಕಿದ್ದಳು. "ಏನವಾ ಇದು, ಜೈನರಾಕಿ ನಾನು, ಹೆಸರಿನ್ಯಾಗ ಜೈನ ಇಟಗೊಂಡಾಕಿ ನೀನು." ಅಂದಿನಿಂದ ಗೆಳತಿಯರಾದೆವು. ಬೇರೆ ಕಾರಣ ಏನೂ ಇರಲಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ ಅವಳ ಗಂಡ ತೀರಿಕೊಂಡಿದ್ದ. ಶೇಡಬಾಳದಲ್ಲಿದ್ದ ಅಣ್ಣ ಜಿನ್ನಪ್ಪ ಓದಿಸಿ ನೌಕರಿ ಹಿಡಿಸಿದ್ದ. ಐನಾಪುರದಲ್ಲಿ ಅಕ್ಕಾತಾಯಿ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಳು. ಪಗಾರದಲ್ಲಿ ಉಳಿಸಿ ಕಾಗವಾಡದಲ್ಲಿ ಒಂದು ಸಣ್ಣ ಪ್ಲಾಟು ಕೊಂಡಿದ್ದಳು. ಅದರ ಮೇಲೆ ಎರಡು ಕೋಣೆ ಕಟ್ಟಿಸಿ ಯಾರ ಹಂಗೂ ಇಲ್ಲದೆ ಇರಬೇಕು ಎಂಬುದೊಂದೇ ಅವಳ ಆಸೆ. ನಾನು ಮಸೂತಿಯ ಓಣಿಯಲ್ಲಿ ಖಾಲಾ, ಅಂದರೆ ಚಿಕ್ಕಮ್ಮನ, ಮನೆಯಲ್ಲಿದ್ದೆ. ಶಾಲೆ ಬಿಟ್ಟ ಮೇಲೆ ಅವಳ ಕೋಣೆಗೆ ಹೋಗಿ ಕೂಡುವುದು ರೂಢಿಯಾಗಿತ್ತು. ಹೊತ್ತು ಮುಳುಗುವುದರೊಳಗೆ ಅವಳ ಊಟ ಮುಗಿಯಬೇಕು, ಸೋಸದ ನೀರು ಕುಡಿಯುವಂತಿಲ್ಲ. ಸೋಸಿದರೆ ಸಾಲದು, ಸೋಸಿದ ಅರಿವೆಯನ್ನು ತಿರುವಿ, ಮೇಲೆ ನೀರು ಹೊಯ್ದು ತೊಳೆದು, ಆ ನೀರನ್ನು ಮತ್ತೆ ಅದೇ ಬಾವಿಗೆ ಇಳಿಸಬೇಕು. ಅರಿವೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಬೇಕಂತೆ.

"ನಮ್ಮ ನೀರಡಿಕಿಗೆ ಅವು ಯಾಕ ಸಾಯಬೇಕ?" ಅನ್ನುತ್ತಿದ್ದಳು.

"ಮೂರನೇ ಇಯತ್ತೆ ಹುಡುಗೂರಕಿಂತ ಹುಳದ ಮ್ಯಾಲ ನಿನಗ ಕಾಳಜಿ ಹೆಚ್ಚ ಐತಿ," ಎಂದು ನಾನು ಕಾಡುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಅವಳಿಗೆ ಎಲ್ಲಿಲ್ಲದ ಉಮೇದು ಬಂತು. ಶಾಲೆಗೆ ಸೂಟಿಯ ದಿನಗಳು. ಬೆಳಗಿನ ಜಾವಕ್ಕೇ ಎದ್ದು ನಮ್ಮ ಓಣಿಗೆ ಬಂದು ಬಾಗಿಲು ಬಡಿಯುತ್ತಿದ್ದಳು. ತನ್ನ ಕೋಣೆಗೆ ತಾನೇ ಸುಣ್ಣ ಹೊಡೆದಳು, ಮುಗಿಯಿತು ಅಂದುಕೊಂಡರೆ ಅಕ್ಕಾತಾಯಿಯ ಪಡಸಾಲೆಗೂ ಹೊಡೆದಳು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು. ಮಿರಜಕ್ಕೆ ಹೋಗಿ ಓಣಿಯ ಹೆಂಗಸರಿಗೆಲ್ಲ ಕುಪ್ಪಸದ ಬಟ್ಟೆ ತಂದು ಹಂಚಿದಳು. ನನಗೊಂದು ಹಸಿರು ಸೀರೆ ತಂದಳು. ಊರಿಗೆ ಸಂತೋಷ. ಇಷ್ಟು ವರ್ಷ ತಲೆ ತಗ್ಗಿಸಿ ನಡೆದ ವಿಧವೆ ಈಗ ನಗುತ್ತಿದ್ದಾಳೆ, ಒಳ್ಳೆಯದಾಯಿತು ಅಂದರು. ನಾನೂ ಹಾಗೆಯೇ ಅಂದೆ. ಅವಳ ಜೊತೆ ನಗುವುದಕ್ಕೆ ನನಗೂ ಹಿತವಾಗಿತ್ತು.

ಅದೇ ಬೇಸಿಗೆ ಊರಿನ ಬಸದಿಯಲ್ಲಿ ದೊಡ್ಡ ಪೂಜೆ ನಡೆಯಿತು. ಅಂಥ ಪೂಜೆಗಳಲ್ಲಿ ಮೊದಲ ಕಲಶ ಯಾರು ಸುರಿಯಬೇಕು, ಆರತಿ ಯಾರು ಎತ್ತಬೇಕು ಎಂಬ ಮಾನವನ್ನು ಸವಾಲಿಗೆ ಇಡುತ್ತಾರೆ. ಯಾರು ಹೆಚ್ಚು ಹಣ ಕೂಗುತ್ತಾರೋ ಅವರಿಗೆ ಆ ಮಾನ, ಆ ಹಣ ಬಸದಿಗೆ. ಕಬ್ಬಿನ ಗೌಡರು, ದ್ರಾಕ್ಷಿ ವ್ಯಾಪಾರಿಗಳು ಕೂಗುವ ಜಾಗ ಅದು. ನಾನು ಮಂಟಪದ ಹೊರಗೆ ನೋಡುವವರ ಗುಂಪಿನಲ್ಲಿ ನಿಂತಿದ್ದೆ. ತ್ರಿಶಲಾ ಹೆಂಗಸರ ನಡುವಿನಿಂದ ಎದ್ದು ನಿಂತು ಸವಾಲು ಕೂಗಿದಳು. ಗಂಡಸರು ತಿರುಗಿ ನೋಡಿದರು. ಸವಾಲು ನಡೆಸುತ್ತಿದ್ದ ಪಂಚರ ಹಿರಿಯ ಭರಮಗೌಡ್ರು, "ತಂಗೀ, ವಿಚಾರ ಮಾಡಿ ಹೇಳು," ಅಂದರು. ಅವಳು ನಕ್ಕು ಇನ್ನೂ ಹೆಚ್ಚು ಕೂಗಿದಳು. ಎದುರಿಗೆ ಯಾರೂ ಏರಿಸಿರಲಿಲ್ಲ. ತನ್ನ ಸವಾಲಿನ ಮೇಲೆ ತಾನೇ ಸವಾಲು ಹಾಕುತ್ತ ಮತ್ತೊಮ್ಮೆ ಏರಿಸಿದಳು. ಜನ ಜಯಘೋಷ ಮಾಡಿದರು. ಆ ಮೊತ್ತ ನಮ್ಮಂಥ ಅಕ್ಕೋರಿಗೆ ವರ್ಷಗಟ್ಟಲೆ ದುಡಿದರೂ ಸಿಗುವಂಥದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವರ ಮುಂದೆ ಆಡಿದ ಮಾತಂತೂ ಹೋಗಿಯೇ ಹೋಯಿತು. ಮರುದಿನ ಅವಳು ಕಲಶ ಸುರಿದಳು, ದೀಪಾವಳಿಯೊಳಗೆ ಹಣ ಕಟ್ಟಬೇಕು ಎಂದು ಆಯಿತು.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಆ ಉಮೇದು ಇರಲಿಲ್ಲ. ಮೊದಲು ನಗು ಹೋಯಿತು, ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ಪೂರಾ ನಿಂತಿತು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು ಬರೆದು ಸೀಮೆಸುಣ್ಣ ಹಿಡಿದು ನಿಂತವಳು, ಮಧ್ಯಾಹ್ನದ ಗಂಟೆ ಹೊಡೆದಾಗಲೂ ಅಲ್ಲೇ ನಿಂತಿದ್ದಳು. ಮಕ್ಕಳು ಗಲಾಟೆ ಮಾಡಿರಲಿಲ್ಲ. ಹೆದರಿ ಕೈಕಟ್ಟಿ ಕೂತಿದ್ದವು. ನಾನು ನಡುವಿನ ಹಲಗೆಯ ಬಾಗಿಲು ತೆಗೆದು ಎರಡೂ ವರ್ಗಗಳನ್ನು ಒಂದು ಮಾಡಿಕೊಂಡೆ. ಅವಳನ್ನು ಕುರ್ಚಿಯ ಮೇಲೆ ಕೂಡಿಸಿದೆ. ಅಂದಿನಿಂದ ಅವಳ ಕೆಲಸ ಕೂಡುವುದು, ನನ್ನ ಕೆಲಸ ಉಳಿದದ್ದು.

"ಎಷ್ಟ ದಿನಾ ಅಂತ ಹಿಂಗ ನಡಸ್ತೀರಿ ಅಕ್ಕೋರ?" ಎಂದು ಹೆಡ್ ಮಾಸ್ತರರು ಕೇಳಿದರು. "ಮ್ಯಾಲಿನ ಸಾಹೇಬ್ರ ಬಂದ್ರ ನಾ ಏನ ಹೇಳ್ಲಿ?"

"ಗಂಟಲ ಬಿದ್ದೈತಿ ಅಂತ ಹೇಳ್ರಿ ಸರ್."

ಅವರು ಒಳ್ಳೆಯವರು, ಇಲ್ಲದಿದ್ದರೆ ಅಂದೇ ಬರೆದು ಕಳಿಸುತ್ತಿದ್ದರು. ದೀಪಾವಳಿಯವರೆಗೆ ನೋಡೋಣ ಅಂದರು. ಎಲ್ಲರೂ ದೀಪಾವಳಿಯನ್ನೇ ಹಿಡಿದು ಕೂತಿದ್ದರು.

ಬೆಳಿಗ್ಗೆ ಅವಳ ಕೋಣೆಗೆ ಹೋಗಿ ನೀರು ಸೇದಿ ಸೋಸುತ್ತಿದ್ದೆ. ಅವಳ ರೀತಿಯಲ್ಲೇ ಅರಿವೆ ತಿರುವಿ ಬಾವಿಗೆ ನೀರು ಬಿಡುತ್ತಿದ್ದೆ. ಬಿಡದಿದ್ದರೆ ಕೇಳುವವರಾರೂ ಇರಲಿಲ್ಲ, ಆದರೂ ಬಿಡುತ್ತಿದ್ದೆ. ಸ್ನಾನಕ್ಕೆ ಕೂಡಿಸಬೇಕು, ತಲೆ ಬಾಚಬೇಕು, ಸೀರೆಯ ನಿರಿಗೆ ಹಿಡಿಯಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಹೆಸರುಬೇಳೆ ಬೇಯಿಸಿ ನುಚ್ಚಿಗೆ ಕಲಸಿ ಉಣಿಸಬೇಕು. ನಾಲ್ಕು ತುತ್ತು ಹೋದರೆ ಆ ದಿನ ಹಬ್ಬ. ಎರೆಮಣ್ಣಿನ ರಾಡಿಯಲ್ಲಿ ಅವಳ ಕೈಹಿಡಿದು ಶಾಲೆಗೆ ಕರೆದೊಯ್ದು ಮಸ್ಟರಿನಲ್ಲಿ ಸಹಿ ಮಾಡಿಸಬೇಕು. ಪೆನ್ನು ಕೈಗೆ ಕೊಟ್ಟರೆ ಬೆರಳು ತಾನೇ ಸಹಿ ಮಾಡುತ್ತಿತ್ತು. ಪಗಾರದ ದಿನ ಅವಳ ಹಣದಿಂದ ಬಾಡಿಗೆ, ಕಿರಾಣಿ, ಹಾಲಿನವನ ಬಾಕಿ ತೀರಿಸಿ, ಉಳಿದದ್ದನ್ನು ಅವಳ ಟ್ರಂಕಿನಲ್ಲಿ ಇಟ್ಟು ಬೀಗದ ಕೈ ನನ್ನ ಕೊರಳ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಜೈನರ ಹುಡುಗಿಯ ಪಗಾರ ಮುಸಲರ ಹುಡುಗಿಯ ಕೊರಳಲ್ಲಿ ಅಂತ ಊರು ಆಡಿಕೊಂಡಿತು. ಆಡಿಕೊಳ್ಳಲಿ ಅಂದುಕೊಂಡೆ.

ನನಗೆ ಆಗ ಏನು ಅನಿಸುತ್ತಿತ್ತು ಎಂದು ಯಾರಾದರೂ ಕೇಳಿದರೆ, ಏನೂ ಅನಿಸುತ್ತಿರಲಿಲ್ಲ ಎನ್ನುವುದೇ ನಿಜ. ಕರುಣೆ ಅಂತ ಜನ ಹೇಳಿದರು. ಕರುಣೆ ಮೊದಲ ವಾರದಲ್ಲೇ ಮುಗಿದುಹೋಗಿತ್ತು, ಆಮೇಲೆ ಉಳಿದದ್ದು ಕೆಲಸ. ಅವಳ ತಲೆ ಬಾಚುವಾಗ ನನ್ನ ತಲೆಯಲ್ಲೂ ಏನೂ ಇರುತ್ತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ನಾವಿಬ್ಬರೂ ಸುಮ್ಮನೆ. ಹೆದರಿಕೆ ಮಾತ್ರ ಒಂದಿತ್ತು. ನೌಕರಿ ಹೋದರೆ, ಪ್ಲಾಟು ಸವಾಲಿನ ಹಣಕ್ಕೆ ಹೋದರೆ, ಇವಳು ಶೇಡಬಾಳದ ಅಣ್ಣನ ಮನೆಯ ಹಿತ್ತಲ ಕೋಣೆಗೆ ಹೋಗುತ್ತಾಳೆ. ಅಂಥ ಕೋಣೆಗೆ ಹೋದ ಹೆಂಗಸು ಮತ್ತೆ ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳನ್ನು ಬಸ್ಸು ಹತ್ತಿಸಿಕೊಂಡು ಮಿರಜಕ್ಕೆ ಹೋದೆ. ಕಾಗವಾಡ ದಾಟಿದರೆ ಮಹಾರಾಷ್ಟ್ರ, ಬೋರ್ಡಿನ ಅಕ್ಷರವಷ್ಟೇ ಬದಲಾಗುತ್ತದೆ, ಮಳೆ ಅದೇ. ತಲೆಯ ರೋಗದ ಡಾಕ್ಟರು ಮರಾಠಿಯಲ್ಲಿ ನನ್ನ ಮತ್ತು ಅವಳ ಸಂಬಂಧ ಏನೆಂದು ಕೇಳಿದರು. "ಬಹೀಣ," ತಂಗಿ, ಅಂದೆ. ಎರಡೂ ಹೆಸರು ಬರೆದುಕೊಂಡು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಯಾವಾಗಿನಿಂದ ಹೀಗೆ ಎಂದು ಕೇಳಿದರು. ನಾನು ಬೇಸಿಗೆಯ ಉಮೇದು, ಸುಣ್ಣ, ಸವಾಲು ಎಲ್ಲ ಹೇಳಿ, ಆಗ ಚೆನ್ನಾಗಿದ್ದಳು, ಈಗ ಹೀಗಾಗಿದ್ದಾಳೆ ಅಂದೆ. ಅವರು ತಲೆಯಾಡಿಸಿದರು.

"ಹೇ ದೋನ್ಹೀ ಏಕಚ ಆಜಾರ ಆಹೇ, ಬಾಯಿ."

ಇವೆರಡೂ ಒಂದೇ ರೋಗ. ಆ ಮಾತು ಕೇಳಿದಾಗ ಮಾತ್ರ ಒಳಗೆ ಎಲ್ಲೋ ಚುಚ್ಚಿತು. ಸುಮ್ಮನೆ ಕೂತ ತ್ರಿಶಲಾ ರೋಗಿ ಎಂದು ಒಪ್ಪಿಕೊಂಡೇ ಬಂದಿದ್ದೆ. ಬೆಳಗಿನ ಜಾವ ಬಾಗಿಲು ಬಡಿದು ನಗುತ್ತಿದ್ದವಳೂ ರೋಗಿಯೇ ಎಂದರೆ, ನಾನು ಅಷ್ಟು ದಿನ ಯಾರ ಜೊತೆ ನಕ್ಕೆ? ಡಾಕ್ಟರು ಬಿಳಿ ಗುಳಿಗೆ ಬರೆದುಕೊಟ್ಟರು. ದಿನಾ ರಾತ್ರಿ ಊಟದ ಮೇಲೆ ಒಂದು, ತಪ್ಪಿಸಬಾರದು, ಗುಣ ಕಾಣಲು ಕೆಲವು ವಾರ ಬೇಕು ಅಂದರು.

ಅಷ್ಟರಲ್ಲಿ ಚಂದ್ರ ಕಂಡು ರಂಜಾನ್ ಶುರುವಾಯಿತು. ಸಂಜೆ ಖಾಲಾ ಮನೆಯಲ್ಲಿ ರೋಜಾ, ಅಂದರೆ ಆ ದಿನದ ಉಪವಾಸ, ಬಿಟ್ಟು, ನಮಾಜು ಮುಗಿಸಿ, ಗುಳಿಗೆ ಹಿಡಿದು ಅವಳ ಕೋಣೆಗೆ ಹೋಗುತ್ತಿದ್ದೆ. ಅವಳು ಹಲ್ಲು ಕಚ್ಚಿ ಕೂಡುತ್ತಿದ್ದಳು. ಹಗಲು ನುಚ್ಚಿಗಾದರೂ ತೆರೆಯುತ್ತಿದ್ದ ಬಾಯಿ ಗುಳಿಗೆಗೆ ತೆರೆಯುತ್ತಿರಲಿಲ್ಲ. ರಮಿಸಿದೆ, ಬೈದೆ. ಒಂದು ದಿನ ಗಲ್ಲ ಹಿಡಿದು ಒತ್ತಿದೆ. ಗುಳಿಗೆ ನೆಲಕ್ಕೆ ಬಿತ್ತು, ಅವಳ ಕಣ್ಣಲ್ಲಿ ನೀರು ಬಂತು. ಬದುಕುವ ಮನಸ್ಸೇ ಇಲ್ಲದವಳಿಗೆ ನಾನೆಷ್ಟು ಔಷಧ ಕೊಟ್ಟರೇನು ಅಂತ ಅನಿಸಿ ಸುಮ್ಮನೆ ಮನೆಗೆ ಹೋದೆ.

ಹೀಗೆ ಒಂದು ವಾರ ಹೋಯಿತು. ಒಂದು ಸಂಜೆ ಮಳೆ ಜೋರಾಗಿ ಶಾಲೆ ಬೇಗ ಬಿಟ್ಟಿತು. ಅವಳ ಜೊತೆ ಬಂದು ಕೋಣೆಯಲ್ಲೇ ಕೂತೆ. ಮೋಡ ಕವಿದು ಕತ್ತಲಾಗಿತ್ತು. ಮತ್ತೆ ಯಾಕೆ ಬರುವುದು, ಈಗಲೇ ಪ್ರಯತ್ನ ಮಾಡೋಣ ಎಂದು ಗುಳಿಗೆಯನ್ನು ಅವಳ ತುಟಿಯ ಹತ್ತಿರ ಹಿಡಿದೆ. ಅವಳು ಬಾಯಿ ತೆರೆದಳು. ನೀರು ಕುಡಿದು ನುಂಗಿದಳು. ನಾನು ತಂಬಿಗೆ ಹಿಡಿದು ನೋಡುತ್ತಿರುವಾಗ ಮಸೂತಿಯ ಮೈಕು ಕರಕರ ಅಂದು ಅಜಾನ್ ಶುರುವಾಯಿತು. ಅಂದರೆ ಹೊತ್ತು ಮುಳುಗಿದ್ದು ಈಗಷ್ಟೇ.

ಅಕ್ಕಾತಾಯಿಯನ್ನು ಕೇಳಿದೆ.

"ಆಕಿ ರಾತ್ರಿ ನೀರ ಸೈತ ಬಿಟ್ಟಾಳವಾ," ಅಂದಳು ಮುದುಕಿ. "ಹ್ವಾದ ವರ್ಷ ನೇಮ ತಗೊಂಡಾಳ. ಔಷಧಕ್ಕ ನಡೀತೈತಿ ಅಂತ ನಾವೆಲ್ಲಾ ತಗೋತೇವಿ. ಆಕಿಗಿ ಯಾರ ಹೇಳಬೇಕ?"

ಮೂರು ವರ್ಷ ಜೊತೆಗಿದ್ದೂ ಅವಳು ರಾತ್ರಿ ಉಣ್ಣುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು, ನೀರನ್ನೂ ಬಿಟ್ಟದ್ದು ಗೊತ್ತಿರಲಿಲ್ಲ. ಮಾತು ಹೋಗಿತ್ತು, ಹಸಿವು ಹೋಗಿತ್ತು, ತನ್ನ ವರ್ಗದ ಮಕ್ಕಳ ಹೆಸರು ಮರೆತಿತ್ತು. ನೇಮ ಒಂದು ಉಳಿದಿತ್ತು. ಅದನ್ನೂ ನಾನು ಗಲ್ಲ ಒತ್ತಿ ಕೆಡಿಸಲು ಹೋಗಿದ್ದೆ.

ಆಮೇಲೆ ನಮ್ಮಿಬ್ಬರಿಗೂ ಒಂದೇ ಗಡಿಯಾರವಾಯಿತು. ಆ ಮಳೆಗಾಲದಲ್ಲಿ ಸೂರ್ಯ ಮುಳುಗಿದ್ದನ್ನು ಕಣ್ಣಿಂದ ಕಾಣುವಂತಿರಲಿಲ್ಲ. ಮಸೂತಿಯಲ್ಲಿ ಅಜಾನಿಗೆ ಮೊದಲು ಮೈಕು ಹಾಕಿದಾಗ ಕರಕರ ಎಂದು ಸದ್ದು ಬರುತ್ತದಲ್ಲ, ಅದೇ ಅವಳ ಗಡುವು. ಆ ಸದ್ದಿನೊಳಗೆ ಗುಳಿಗೆ ಹೊಟ್ಟೆಗೆ ಹೋಗಬೇಕು. ಅದು ಅವಳ ದಿನದ ಕೊನೆಯ ನೀರು. ಅಜಾನ್ ಕೂಗಿದ ಮೇಲೆ ನನ್ನ ದಿನದ ಮೊದಲ ನೀರು. ಖರ್ಜೂರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಅವಳ ಹೊಸ್ತಿಲಲ್ಲೇ ರೋಜಾ ಬಿಡತೊಡಗಿದೆ. "ಮನ್ಯಾಗ ಉಣ್ಣಾಕ ದಸ್ತರಖಾನ ಹಾಸಿಟ್ಟು ಕುಂತಿರ್ತೇವಿ, ನೀ ಮಂದಿ ಹೊಸ್ತಲದಾಗ ರೋಜಾ ಬಿಡ್ತಿ," ಎಂದು ಖಾಲಾ ಸಿಟ್ಟಾದಳು. ಸಿಟ್ಟಾದರೂ ಮರುದಿನ ಎರಡು ಖರ್ಜೂರ ಹೆಚ್ಚು ಕೊಟ್ಟಳು.

ಇಷ್ಟಾಗಿ ಒಂದು ದಾರಿಗೆ ಬಂತು ಅನ್ನುವಾಗ ಚಾತುರ್ಮಾಸ ಶುರುವಾಯಿತು. ಆ ವರ್ಷ ಮಳೆಗಾಲ ಕಳೆಯಲು ಒಬ್ಬ ಮಾತಾಜಿ, ಅಂದರೆ ಜೈನ ಸನ್ಯಾಸಿನಿ, ಐನಾಪುರದ ಬಸದಿಗೆ ಬಂದಿದ್ದರು. ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ವ್ರತ, ಉಪವಾಸ. ಆ ಗಾಳಿಯಲ್ಲಿ ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ: ತ್ರಿಶಲಾ ಅಕ್ಕೋರು ಮೌನವ್ರತ ಹಿಡಿದಿದ್ದಾರೆ, ಅನ್ನ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಅಂಥ ಸವಾಲು ಕೂಗಿದವಳು, ಮಳೆಗಾಲದಲ್ಲಿ ಇಂಥ ತಪಸ್ಸು. ಎಲ್ಲ ಸರಿಹೋಯಿತು. ಒಂದು ರವಿವಾರ ಹೋಗಿ ನೋಡಿದರೆ ಅವಳ ಕೋಣೆಯ ಮುಂದೆ ಹೆಂಗಸರ ಚಪ್ಪಲಿ. ತೆಂಗಿನಕಾಯಿ ಇಟ್ಟು ಕಾಲಿಗೆ ಬೀಳುತ್ತಿದ್ದರು. ಅವಳು ಬೋರ್ಡನ್ನು ನೋಡುತ್ತಿದ್ದ ಹಾಗೆಯೇ ಅವರನ್ನೂ ನೋಡುತ್ತ ಕೂತಿದ್ದಳು.

ಶೇಡಬಾಳದಿಂದ ಜಿನ್ನಪ್ಪ ಬಂದ. ಅವನು ಕೆಟ್ಟವನಲ್ಲ. ತಂಗಿಗೆ ಹುಚ್ಚು ಅನ್ನುವುದಕ್ಕಿಂತ ತಂಗಿ ತಪಸ್ವಿ ಅನ್ನುವುದು ಯಾವ ಅಣ್ಣನಿಗೆ ಬೇಡ? ಕಾಗವಾಡದ ಪ್ಲಾಟು ಮಾರಿ ಸವಾಲು ತೀರಿಸುತ್ತೇನೆ, ನೌಕರಿಗೆ ರಾಜೀನಾಮೆ ಕೊಡಿಸುತ್ತೇನೆ, ಇನ್ನು ಅವಳಿಗೆ ಇವೆಲ್ಲ ಯಾಕೆ ಎಂದ. ಕಣ್ಣು ಒರೆಸಿಕೊ‍ಳ್ಳುತ್ತಲೇ ಹೇಳಿದ. ಆ ಸಂಜೆ ನಾನು ಗುಳಿಗೆ ತೆಗೆದಾಗ ಅಕ್ಕಾತಾಯಿಯೇ ನನ್ನ ಕೈ ಹಿಡಿದಳು.

"ಬ್ಯಾಡವಾ ಜೈನಾಬಿ. ವ್ರತದಾಗ ಇದ್ದಾಕಿಗಿ ನುಂಗಸಬ್ಯಾಡ. ಪಾಪ ಹತ್ತತೈತಿ."

"ಆಕಿಗಿ ಬ್ಯಾನಿ ಐತಿ ಆಯಿ."

"ಹಂಗ ಅನಬಾರದು."

ಮೈಕು ಕರಕರ ಅಂದಿತು. ಗುಳಿಗೆ ನನ್ನ ಅಂಗೈಯಲ್ಲೇ ಉಳಿಯಿತು. ಮರುದಿನವೂ ಹಾಗೇ ಆಯಿತು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬೇನೆಯ ಜೊತೆ ಹೋರಾಡಬಹುದು, ಭಕ್ತಿಯ ಜೊತೆ ಹೇಗೆ ಹೋರಾಡುವುದು ಅಂತ ಕೂತು ಯೋಚಿಸಿದೆ.

ಮೂರನೆಯ ದಿನ ಮಧ್ಯಾಹ್ನ ಅವಳ ಕೈ ಹಿಡಿದು ನೇರ ಬಸದಿಗೆ ನಡೆದೆ. ಹೊರಗಿನ ಸಭಾಮಂಟಪದಲ್ಲಿ ಮಾತಾಜಿ ಹಲಗೆಯ ಮೇಲೆ ಕೂತಿದ್ದರು, ಮಗ್ಗುಲಲ್ಲಿ ಹುಳ ನೋಯದಂತೆ ನೆಲ ಸವರುವ ನವಿಲುಗರಿಯ ಪಿಂಛಿ. ಸುಮಾರು ನನ್ನ ತಾಯಿಯ ವಯಸ್ಸು. ಸುದ್ದಿ ತಿಳಿದು ಜಿನ್ನಪ್ಪನೂ ಭರಮಗೌಡ್ರೂ ಬಂದರು. ಹೆಂಗಸರು ತ್ರಿಶಲಾಗೆ ದಾರಿ ಬಿಟ್ಟರು, ಅವಳ ಕೈ ಬಿಡದ ಕಾರಣ ನನಗೂ ಬಿಡಬೇಕಾಯಿತು.

ಮಾತಾಜಿ ತ್ರಿಶಲಾಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜಿನ್ನಪ್ಪನನ್ನು ಕೇಳಿದರು.

"ಈಕಿ ಯಾರ ಕಡೆ ವ್ರತ ತಗೊಂಡಾಳ?"

"ಮನಸಿನ್ಯಾಗ ತಗೊಂಡಿರಬೇಕ್ರಿ ಮಾತಾಜಿ."

"ಪಾರಣಿ ಯಾವತ್ತ?"

ಪಾರಣೆ ಅಂದರೆ ಉಪವಾಸ ಮುಗಿಸಿ ಮೊದಲ ತುತ್ತು ತೆಗೆದುಕೊಳ್ಳುವುದು. ಜಿನ್ನಪ್ಪ ತಂಗಿಯ ಮುಖ ನೋಡಿದ, ಭರಮಗೌಡ್ರ ಮುಖ ನೋಡಿದ. ಯಾರಿಗೂ ಗೊತ್ತಿರಲಿಲ್ಲ. ಮಾತಾಜಿ ನನ್ನ ಕಡೆ ತಿರುಗಿದರು.

"ನೀ ಯಾರವಾ?"

"ಜೈನಾಬಿ ರೀ. ಈಕಿ ಗೆಳತಿ."

"ಜೈನರಾಕಿ?"

"ಅಲ್ರೀ. ಹೆಸರಷ್ಟ ರೀ."

ಹಿಂದೆ ಯಾರೋ ನಕ್ಕರು. ಮಾತಾಜಿ ನಗಲಿಲ್ಲ. "ತುಟಿ ಒಣಗ್ಯಾವು. ನೀನೂ ಉಪವಾಸ ಇದ್ದಂಗ ಕಾಣತೈತಿ."

"ರೋಜಾ ರೀ."

"ನಿನ್ನ ಪಾರಣಿ ಯಾವಾಗ?"

"ಹೊತ್ತ ಮುಳುಗಿದ ಮ್ಯಾಲ ರೀ, ದಿನಾ."

ಮಾತಾಜಿ ಜಿನ್ನಪ್ಪನಿಗೆ ಹೇಳಿದರು. "ಕೇಳಿದ್ಯಾ? ಈಕಿ ಉಪವಾಸಕ್ಕ ಪಾರಣಿ ಐತಿ. ನಿನ್ನ ತಂಗಿದಕ್ಕ ಇಲ್ಲ. ವ್ರತಾ ಬಾಯಿ ತೆರೆದು ಬೇಡಿ ತಗೊಳ್ಳೂದು, ಪಾರಣಿ ಗೊತ್ತಿದ್ದು ತಗೊಳ್ಳೂದು. ಪಾರಣಿ ಇಲ್ಲದ್ದು ಉಪವಾಸ ಅಲ್ಲಪಾ, ಬ್ಯಾನಿ. ಔಷಧ ಕೊಡ್ರಿ. ತಡಾ ಮಾಡಬ್ಯಾಡ್ರಿ."

ಜಿನ್ನಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟ. ತಂಗಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ತ್ರಿಶಲಾ, ತ್ರಿಶಲಾ ಎಂದು ಎರಡು ಸಲ ಕರೆದ. ಅವಳು ಓಗೊಡಲಿಲ್ಲ. ನಾನು ಭರಮಗೌಡ್ರ ಹತ್ತಿರ ಹೋಗಿ ಸವಾಲಿನ ಮಾತು ತೆಗೆದೆ. ಬೇಸಿಗೆಯಲ್ಲೂ ಅವಳಿಗೆ ಇದೇ ಬೇನೆ ಇತ್ತು ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ಮೀಸೆ ಸವರಿಕೊಂಡರು.

"ದೇವರ ಮುಂದಿನ ಸವಾಲ ಹಿಂದ ತಗೊಳ್ಳಾಕ ಬರೂದಿಲ್ಲವಾ," ಅಂದರು. "ಆದ್ರ ಅವತ್ತ ಆಕಿ ತನ್ನ ಮ್ಯಾಲ ತಾನ ಏರಿಸಿದಳು. ಎದರಿಗಿ ಯಾರೂ ಇರಲಿಲ್ಲ. ನನಗ ಅವಾಗ ಸರಿ ಅನಸಲಿಲ್ಲ, ಮಂದಿ ಜೈ ಅಂದ್ರು, ನಾನೂ ಹಂಗ ಬರಕೊಂಡೆ. ಎದರಾಳಿ ಇಲ್ಲದ್ದು ಸವಾಲ ಹೆಂಗ ಆದೀತು? ಆಮ್ಯಾಲ ಏರಿಸಿದ್ದು ಎರಡೂ ಬಿಡು. ಮೊದಲ ಕೂಗಿದ್ದಷ್ಟ ಕೊಡಲಿ. ಅದೂ ಪಗಾರದಾಗ ಸವಡ ಆದಂಗ, ತಿಂಗಳಿಗಿಷ್ಟ. ಪ್ಲಾಟ್ ಮಾರಬ್ಯಾಡ್ರಿ."

ಆ ಸಂಜೆ ಮೈಕು ಕರಕರ ಅನ್ನುವ ಮೊದಲು ಅಕ್ಕಾತಾಯಿಯೇ ನೀರಿನ ತಂಬಿಗೆ ತಂದುಕೊಟ್ಟಳು.

ಮುಂದಿನದು ದೊಡ್ಡ ಕತೆಯಲ್ಲ. ತೊಂಬತ್ತರ ದಶಕದಲ್ಲಿ ಬೇನೆ ಮತ್ತೆರಡು ಸಲ ಬಂತು, ಒಮ್ಮೆ ನಗುತ್ತ, ಒಮ್ಮೆ ಸುಮ್ಮನೆ. ಎರಡೂ ಸಲ ಮಿರಜದ ಬಸ್ಸು ಹತ್ತಿದೆವು. ನೆಟ್ಟಗಿದ್ದಾಗ ಅವಳೇ ಒಂದು ಕರಾರು ಮಾಡಿದಳು. "ಎಲ್ಲೇ ಸವಾಲ ಇದ್ರೂ ನೀ ನನ್ನ ಮಗ್ಗಲಕ ಕುಂಡರಬೇಕು. ನಾ ಏಳಾಕ ಹ್ವಾದ್ರ ಸೆರಗ ಹಿಡದು ಜಗ್ಗು." ಹೀಗೆ ನಾನು, ಜೈನಾಬಿ, ಎಷ್ಟೋ ಪೂಜೆಗಳ ಮಂಟಪದಲ್ಲಿ ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದೇನೆ. ಒಂದೇ ಒಂದು ಸಲ ಜಗ್ಗಬೇಕಾಯಿತು. ಸವಾಲಿನ ಹಣವೂ ನಿಧಾನವಾಗಿ ತೀರಿತು. ಈಗ ಅವಳು ಕಾಗವಾಡದಲ್ಲಿ, ಆ ಪ್ಲಾಟಿನ ಮೇಲೆ ಕಟ್ಟಿಸಿದ ಎರಡು ಕೋಣೆಯಲ್ಲಿ ಇದ್ದಾಳೆ. ಗುಳಿಗೆ ಇನ್ನೂ ಇದೆ, ಹೊತ್ತು ಮುಳುಗುವುದರೊಳಗೆ.

ಅರಿವೆ ಹಿಂಡುವಾಗ ನನ್ನ ಕೈ ನಿಂತದ್ದು ಇದಾವುದಕ್ಕೂ ಅಲ್ಲ. ಆ ವರ್ಷದ ರಂಜಾನ್ ಮುಗಿಯಲು ಎರಡೋ ಮೂರೋ ದಿನ ಉಳಿದಿದ್ದಾಗಿನ ಒಂದು ಸಂಜೆಗೆ.

ಅಂದು ಶಾಲೆಯಲ್ಲಿ ತಡವಾಗಿತ್ತು. ಅವಳನ್ನು ಮುಂಚೆಯೇ ಅಕ್ಕಾತಾಯಿಯ ಜೊತೆ ಮನೆಗೆ ಕಳಿಸಿದ್ದೆ. ರಾಡಿಯಲ್ಲಿ ಕಾಲು ಕೀಳುತ್ತ, ತೋಯಿಸಿಕೊಂಡು ಬಂದೆ. ಅಕ್ಕಾತಾಯಿ ಪಡಸಾಲೆಯಲ್ಲಿ ತೂಕಡಿಸುತ್ತಿದ್ದಳು. ಕೋಣೆಯ ಬಾಗಿಲು ತೆರೆದಿತ್ತು, ತ್ರಿಶಲಾ ಒಳಗಿರಲಿಲ್ಲ. ಹಿತ್ತಲ ಕಡೆಯ ಬಾಗಿಲೂ ತೆರೆದಿತ್ತು. ಹಿತ್ತಲಲ್ಲಿ ಇದ್ದದ್ದು ಬಾವಿ ಒಂದೇ.

ಓಡಿದೆ ಎಂದು ಬರೆಯಬೇಕು, ಆದರೆ ಓಡಲಿಲ್ಲ. ಇಷ್ಟು ದಿನದ ದುಡಿಮೆ ಇಲ್ಲಿಗೆ ಮುಗಿಯಿತು, ಇನ್ನು ನಾಳೆ ಬೇಗ ಏಳಬೇಕಾಗಿಲ್ಲ ಎಂಬ ಯೋಚನೆ ಬಂತು. ಅಷ್ಟು ತಣ್ಣಗೆ ಬಂತು. ಒಂದೊಂದೇ ಹೆಜ್ಜೆ ಇಟ್ಟು ಹಿತ್ತಲಿಗೆ ಹೋದೆ.

ಅವಳು ಬಾವಿಯ ಕಟ್ಟೆಗೆ ಬಾಗಿ ನಿಂತಿದ್ದಳು. ಮಳೆಯಲ್ಲಿ ಬೆನ್ನೆಲ್ಲ ತೊಯ್ದಿತ್ತು. ಕೈಯಲ್ಲಿ ಹಗ್ಗ. ಹಗ್ಗದ ತುದಿಗೆ ಸಣ್ಣ ಕೊಡ. ಕೊಡವನ್ನು ಸದ್ದಾಗದಂತೆ ನೀರಿನ ಮಟ್ಟಕ್ಕೆ ಇಳಿಸಿ, ಮೆಲ್ಲಗೆ ಜಗ್ಗಿ ಓರೆ ಮಾಡಿದಳು. ಕಟ್ಟೆಯ ಮೇಲೆ ತಿರುವಿ ತೊಳೆದ ಸೋಸುವ ಅರಿವೆ ಇತ್ತು, ಅದರ ಮಗ್ಗುಲಲ್ಲಿ ಸೋಸಿದ ನೀರು ತುಂಬಿದ ತಂಬಿಗೆ. ಅರಿವೆಯ ನೀರನ್ನು ಅವಳು ಬಾವಿಗೆ ಬಿಡುತ್ತಿದ್ದಳು.

ನಾನು ಅಲ್ಲೇ ನಿಂತೆ. ಅವಳು ಹಗ್ಗ ಸುತ್ತಿಟ್ಟು, ಅರಿವೆ ಹಿಂಡಿ, ತಂಬಿಗೆ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಅಂಗೈ ಚಾಚಿದಳು. ನಾನು ಸೆರಗಿನ ಗಂಟು ಬಿಚ್ಚಿ ಗುಳಿಗೆ ಇಟ್ಟೆ. ಅವಳೇ ಬಾಯಿಗೆ ಹಾಕಿಕೊಂಡು, ತಂಬಿಗೆ ಎತ್ತಿ ನೀರು ಕುಡಿದಳು. ಮೈಕು ಕರಕರ ಅಂದಿತು. ಆಮೇಲೆ ಅಜಾನ್ ಬಂತು.

ಅವಳು ತಂಬಿಗೆಯನ್ನು ನನ್ನ ಕಡೆ ಹಿಡಿದಳು. ಗಂಟಲು ಒಡೆದ ಧ್ವನಿ, ಮೊದಲು ಗುರುತೇ ಸಿಗಲಿಲ್ಲ.

"ತಗೋ ಜೈನಾಬಿ. ನಿನ್ನ ಪಾರಣಿ ಹೊತ್ತಾತು."

ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಬಹಳ ನೀರಡಿಸಿತ್ತು, ತಂಬಿಗೆ ಇಸಿದುಕೊಂಡು ಉಳಿದ ನೀರನ್ನೆಲ್ಲ ಕುಡಿದೆ.